ಹಾಡಿನ ಋಣ

ಗಾಳಿಗೆ ಗಡಿಯಿಲ್ಲ, ಹಾಡಿಗೂ ಗಡಿಯಿಲ್ಲ. ಗಡಿನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಈ ಮಾತನ್ನು ಬೇರೆಯವರು ಬಂದು ಹೇಳಿಕೊಡಬೇಕಾಗಿಲ್ಲ. ಅಕ್ಕಲಕೋಟ ತಾಲೂಕಿನ ಯಾವುದೇ ಹಳ್ಳಿಗೆ ಹೋಗಿ ನೋಡಿರಿ. ಅಜ್ಜಿಯ ಬೀಸುವ ಹಾಡು ಕನ್ನಡದ್ದು, ಆಷಾಢದ ದಿಂಡಿಯ ಅಭಂಗ ಮರಾಠಿಯದು, ಮದುವೆಯ ಬ್ಯಾಂಡಿನ ಹಾಡು ಹಿಂದಿಯದು. ಮೂರನ್ನೂ ಕೇಳುವ ಕಿವಿ ಮಾತ್ರ ಒಂದೇ.

ಹೀಗೆ ಬೆರೆತು ಬಾಳುವ ನಮಗೆ ಒಂದು ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಒಂದು ಜನದ ಹಾಡನ್ನು ಇನ್ನೊಂದು ಜನ ಎತ್ತಿಕೊಂಡು ಹಾಡಿದರೆ ಅದು ಕಳವೋ, ಬಳುವಳಿಯೋ? ಹಳೆಯ ಹಾಡಿಗೆ ಹೊಸ ವಾದ್ಯ ಸೇರಿಸಿದರೆ ಅದು ಕೆಡುವುದೋ, ಬೆಳೆಯುವುದೋ? ಹಿರಿಯರು ಕೆಲವರು "ಎಲ್ಲ ಕೆಟ್ಟು ಹೋಯಿತು" ಎನ್ನುತ್ತಾರೆ. ಕಿರಿಯರು ಕೆಲವರು "ಹಳೆಯದೆಲ್ಲ ಏಕೆ ಬೇಕು?" ಎನ್ನುತ್ತಾರೆ. ಈ ಎರಡೂ ಮಾತು ಅರ್ಧ ಸತ್ಯವೆಂದು ನನ್ನ ನಂಬಿಕೆ. ಅದನ್ನು ಎರಡು ಹಾಡಿನ ಸಂಪುಟಗಳ ಉದಾಹರಣೆಯಿಂದ ಹೇಳಲು ಇಲ್ಲಿ ಪ್ರಯತ್ನಿಸುತ್ತೇನೆ. ಎರಡೂ 2008ರಲ್ಲಿ ಹೊರಬಂದವು. ಎರಡೂ ಆಯಾ ತಂಡದ ಚೊಚ್ಚಲ ಸಂಪುಟಗಳು. ಒಂದು ಅಮೆರಿಕೆಯದು, ಇನ್ನೊಂದು ನಮ್ಮ ಕನ್ನಡ ನಾಡಿನದು.

ಮೊದಲು ಅಮೆರಿಕೆಯದನ್ನು ನೋಡೋಣ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಲಿತ ನಾಲ್ವರು ತರುಣರು ಸೇರಿ ಕಟ್ಟಿದ ತಂಡದ ಹೆಸರು ವ್ಯಾಂಪೈರ್ ವೀಕೆಂಡ್. 2008ರ ಜನವರಿಯಲ್ಲಿ ಇವರ ಮೊದಲ ಸಂಪುಟ ತಂಡದ ಹೆಸರಿನಿಂದಲೇ ಬಂದಿತು. ಇವರದು ರಾಕ್ ಸಂಗೀತ. ಆದರೆ ಅದರಲ್ಲಿ ಅಬ್ಬರವಿಲ್ಲ, ಕೂಗಾಟವಿಲ್ಲ. ಗಿಟಾರಿನ ತಂತಿಗಳು ಮಳೆಹನಿಯಂತೆ ಟಣಟಣ ಉದುರುತ್ತವೆ. ಕೇಳಿದವರಿಗೆ ಇದು ಅಮೆರಿಕೆಯ ಗಿಟಾರಲ್ಲ, ಆಫ್ರಿಕೆಯ ಗಿಟಾರು ಎಂದು ಕೂಡಲೇ ತಿಳಿಯುತ್ತದೆ. ಕಾಂಗೋ ದೇಶದ ಒಂದು ಕುಣಿತದ ಹೆಸರು ಕ್ವಾಸಾ ಕ್ವಾಸಾ. ಆ ಹೆಸರನ್ನು ತಮ್ಮ ಒಂದು ಹಾಡಿನ ಶೀರ್ಷಿಕೆಯಲ್ಲಿಯೇ ಇವರು ಇಟ್ಟುಕೊಂಡರು. ತಮ್ಮ ಸಂಗೀತವನ್ನು ಬಣ್ಣಿಸುವಾಗ ನ್ಯೂಯಾರ್ಕಿನ ಸಿರಿವಂತರ ಬಡಾವಣೆಯ ಹೆಸರಿನ ಪಕ್ಕಕ್ಕೆ ದಕ್ಷಿಣ ಆಫ್ರಿಕೆಯ ಕರಿಯರ ವಸತಿಯಾದ ಸೊವೆಟೊದ ಹೆಸರನ್ನು ಸೇರಿಸಿ ತಾವೇ ತಮಾಷೆ ಮಾಡಿದರು.

ಜನ ಮೆಚ್ಚಿದರು, ಜೊತೆಗೆ ಜಗಳವೂ ಆಯಿತು. ದೊಡ್ಡ ಕಾಲೇಜಿನಲ್ಲಿ ಕಲಿತ ಹುಡುಗರಿಗೆ ಬಡ ಆಫ್ರಿಕೆಯ ಸಂಗೀತ ಆಟದ ಸಾಮಾನೇ ಎಂದು ಕೆಲವರು ಕೇಳಿದರು. ಇಷ್ಟವಾದದ್ದನ್ನು ಕಲಿಯಲು ಯಾರ ಅಪ್ಪಣೆ ಬೇಕು ಎಂದು ಮತ್ತೆ ಕೆಲವರು ಕೇಳಿದರು.

ಈ ಜಗಳದಲ್ಲಿ ಒಂದು ಸ್ವಾರಸ್ಯವಿದೆ. ಕಾಂಗೋದ ಗಿಟಾರ್ ಸಂಗೀತವಾದರೂ ಪೂರ್ತಿ ಕಾಂಗೋದ್ದೇ ಏನು? ಹಿಂದೆ ಗುಲಾಮರಾಗಿ ಹಡಗಿನಲ್ಲಿ ಒಯ್ಯಲ್ಪಟ್ಟ ಆಫ್ರಿಕೆಯ ಜನ ತಮ್ಮ ತಾಳವನ್ನು ಕ್ಯೂಬಾ ದ್ವೀಪಕ್ಕೆ ಕೊಂಡೊಯ್ದರು. ಅಲ್ಲಿ ಅದು ಸ್ಪೇನಿನ ಗಿಟಾರಿನೊಡನೆ ಬೆರೆಯಿತು. 1930ರ ದಶಕದಲ್ಲಿ ಆ ಕ್ಯೂಬಾದ ಹಾಡುಗಳು ಗ್ರಾಮೊಫೋನ್ ತಟ್ಟೆಗಳಲ್ಲಿ ಕುಳಿತು ಕಾಂಗೋಕ್ಕೆ ಬಂದವು. ಕೇಳಿದ ಜನ ತಮ್ಮ ಮನೆಯ ಧ್ವನಿಯನ್ನೇ ಗುರುತು ಹಿಡಿದು ಅದನ್ನು ಮತ್ತೆ ತಮ್ಮದಾಗಿಸಿಕೊಂಡರು. ಹೀಗೆ ಹುಟ್ಟಿದ ಕಾಂಗೋ ರುಂಬಾವನ್ನು ಯುನೆಸ್ಕೋ ಸಂಸ್ಥೆ 2021ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ತವರು ಬಿಟ್ಟು ಹೋದ ಮಗಳು ಮೊಮ್ಮಕ್ಕಳೊಡನೆ ತವರಿಗೆ ಮರಳಿದಂತೆ ಇದು. ಬೆರಕೆಯಿಲ್ಲದ ಶುದ್ಧ ಸಂಗೀತವನ್ನು ಹುಡುಕುತ್ತ ಹೊರಟವನಿಗೆ ಕೊನೆಗೆ ಎಲ್ಲಿಯೂ ಅದು ಸಿಗಲಾರದು.

ಇನ್ನು ನಮ್ಮ ನಾಡಿನ ಸಂಪುಟ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಭರತನಾಟ್ಯವನ್ನೂ ಕಲಿತ ರಘು ದೀಕ್ಷಿತ ಎಂಬವರು ಗಿಟಾರು ಹಿಡಿದು ಹಾಡಲು ನಿಂತರು. 2008ರಲ್ಲಿ ಅವರ ಹೆಸರಿನಿಂದಲೇ ಮೊದಲ ಸಂಪುಟ ಬಂದಿತು. ಕನ್ನಡ, ಹಿಂದಿ, ಇಂಗ್ಲಿಷ್ ಮೂರು ಭಾಷೆಯ ಹಾಡುಗಳು ಅದರಲ್ಲಿವೆ. ಆದರೆ ಅದರ ಜೀವಾಳ ಶಿಶುನಾಳ ಶರೀಫರ ಎರಡು ತತ್ವಪದಗಳು. ಒಂದು ಗುಡಗುಡಿಯ ಹಾಡು, ಇನ್ನೊಂದು ಸೋರುವ ಮಾಳಿಗೆಯ ಹಾಡು. ಗಿಟಾರು, ಪಿಟೀಲು, ಡ್ರಮ್ಮುಗಳ ನಡುವೆ ಧಾರವಾಡದ ಸೀಮೆಯ ಭಾಷೆ ಎದೆಯೆತ್ತಿ ನಿಂತಿತು. ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಈ ತಂಡ 2010ರಲ್ಲಿ ಲಂಡನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿತು, 2011ರಲ್ಲಿ ಅಲ್ಲಿಯ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯನ್ನು ಪಡೆಯಿತು.

ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮುಸಲ್ಮಾನ ಮನೆಯ ಮಗನಾಗಿ, ಕಳಸದ ಗೋವಿಂದಭಟ್ಟರ ಶಿಷ್ಯನಾಗಿ, ಎರಡು ಧರ್ಮದ ನಡುವಿನ ಗೋಡೆಯನ್ನು ದಾಟಿ ನಡೆದವರು. ಸೋರುವ ಮಾಳಿಗೆ ಎಂದರೇನೆಂದು ಬೆಂಗಳೂರಿನ ಹುಡುಗನಿಗೆ ವಿವರಿಸಿ ಹೇಳಬೇಕು. ಮಣ್ಣಿನ ಮಾಳಿಗೆಯ ಮನೆಗಳನ್ನು ಕಂಡ ನಮ್ಮ ಸೋಲಾಪುರ ಜಿಲ್ಲೆಯ ಮಗುವಿಗೆ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕದಿದ್ದರೆ ಒಳಗೆ ಬೋಗುಣಿ ಇಡಬೇಕಾಗುತ್ತದೆ. ದೇಹವೆಂಬ ಮನೆಯನ್ನೂ ಹಾಗೆಯೇ ನೋಡಿಕೊಳ್ಳಬೇಕೆಂಬ ತತ್ವ ನಮಗೆ ನೇರವಾಗಿ ತಟ್ಟುತ್ತದೆ. ಹೀಗಿದ್ದೂ ನಮ್ಮಲ್ಲಿ ಅನೇಕರು ಈ ಪದವನ್ನು ಮೊದಲು ಕೇಳಿದ್ದು ಭಜನೆಯ ಕಟ್ಟೆಯಲ್ಲಲ್ಲ, ಮೊಬೈಲಿನಲ್ಲಿ! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಳ್ಳಾಗಲಿಲ್ಲ.

ಇದರಲ್ಲಿ ನಾಚಿಕೆಪಡುವಂಥದೂ ಇದೆ, ಸಂತೋಷಪಡುವಂಥದೂ ಇದೆ. ಸಂತೋಷವೆಂದರೆ ಹಾಡು ಸಾಯಲಿಲ್ಲ. ಏಕತಾರಿಯ ಮೇಲೆ ಹಾಡಿದ್ದು ಸಿ. ಅಶ್ವತ್ಥರ ಕಂಠಕ್ಕೆ ಬಂದಿತು. 1990ರಲ್ಲಿ ನಾಗಾಭರಣರ "ಸಂತ ಶಿಶುನಾಳ ಶರೀಫ" ಚಲನಚಿತ್ರಕ್ಕೆ ಬಂದಿತು. ಅಲ್ಲಿಂದ ಗಿಟಾರಿಗೆ ಬಂದಿತು. ಪ್ರತಿ ಸಲವೂ "ಕೆಟ್ಟಿತು" ಎಂದವರಿದ್ದರು. ಪ್ರತಿ ಸಲವೂ ಹೊಸ ಕಿವಿಗಳು ಅದಕ್ಕೆ ದೊರೆತವು.

ಬೆರಕೆಯನ್ನು ಕಂಡು ಬೆಚ್ಚುವವರಿಗೆ ಒಂದು ಮಾತು ಕೇಳುತ್ತೇನೆ. ನಮ್ಮ ಭಜನೆಯಲ್ಲಿ ಪೇಟಿ ಇಲ್ಲದೆ ಹಾಡು ಏಳುವುದೇ? ಆ ಪೇಟಿ ಯಾರದು? 1840ರ ದಶಕದಲ್ಲಿ ಫ್ರಾನ್ಸ್ ದೇಶದಲ್ಲಿ ರೂಪುಗೊಂಡ ವಾದ್ಯವದು. ಪಾದ್ರಿಗಳೊಡನೆ ಬಂದಿತು, ನಾಟಕ ಕಂಪನಿಗಳಲ್ಲಿ ಬೆಳೆಯಿತು, ಕೊನೆಗೆ ವಿಠ್ಠಲನ ಗುಡಿಯಲ್ಲಿ ಪದ್ಮಾಸನ ಹಾಕಿ ಕುಳಿತಿತು. ಇದು ಪರದೇಶಿ ವಾದ್ಯ, ನಮ್ಮ ಶ್ರುತಿಗೆ ಹೊಂದದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಆ ನಿರ್ಬಂಧ ಸಡಿಲವಾಗಲು 1971 ಬರಬೇಕಾಯಿತು. ಆ ಮೂವತ್ತು ವರ್ಷ ನಮ್ಮ ಹಳ್ಳಿಯ ಭಜನಾ ಮೇಳಗಳೇನು ಪೇಟಿ ಮುಚ್ಚಿ ಕುಳಿತಿರಲಿಲ್ಲ. ಜನ ಒಪ್ಪಿದ್ದನ್ನು ಕಾಯ್ದೆ ತಳ್ಳಲಾರದು.

ಮರಾಠಿ ರಂಗಭೂಮಿಯ ಕಥೆಯೂ ಇಂಥದೇ. ಉತ್ತರ ಕನ್ನಡದ ಕಡೆಯ ಭಾಗವತ ಮೇಳವೊಂದು ಸಾಂಗ್ಲಿಗೆ ಬಂದು ಆಡಿದ ಆಟವನ್ನು ಅಲ್ಲಿಯ ಸಂಸ್ಥಾನಿಕರು ಮೆಚ್ಚಿದರು. ಅಂಥದನ್ನು ಮರಾಠಿಯಲ್ಲಿ ಮಾಡೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ "ಸೀತಾ ಸ್ವಯಂವರ" ರಂಗಕ್ಕೆ ಬಂದಿತು. ಆ ನೆನಪಿಗಾಗಿಯೇ ನವೆಂಬರ್ 5ನ್ನು ಮಹಾರಾಷ್ಟ್ರದಲ್ಲಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಮರಾಠಿಯ ನಾಟಕಕಾರರು ಕನ್ನಡದ ಈ ಋಣವನ್ನು ಮುಚ್ಚಿಡದೆ ಬರೆದಿಟ್ಟರು. ಇದರಿಂದ ಮರಾಠಿ ಸಣ್ಣದಾಗಲಿಲ್ಲ, ಕನ್ನಡಕ್ಕೆ ನಷ್ಟವಾಗಲಿಲ್ಲ. ಇತ್ತ ಕನ್ನಡದ ಮಗ ಭೀಮಸೇನ ಜೋಶಿಯವರು ಮರಾಠಿ ಅಭಂಗ ಹಾಡಿದಾಗ ಮಹಾರಾಷ್ಟ್ರ ತಲೆದೂಗಿತು. ಕೊಟ್ಟು ತೆಗೆದುಕೊಂಡ ನೆಂಟತನವಿದು.

ಹಾಗಾದರೆ ಯಾರು ಯಾವುದನ್ನಾದರೂ ಎತ್ತಿಕೊಳ್ಳಬಹುದೇ? ಇಲ್ಲಿ ನಾನು ತುಸು ನಿಲ್ಲುತ್ತೇನೆ. ಏಕೆಂದರೆ ಆಫ್ರಿಕೆಯ ಹಾಡಿನ ಚರಿತ್ರೆಯಲ್ಲಿಯೇ ಕಣ್ಣು ತೆರೆಸುವ ಒಂದು ಪ್ರಸಂಗವಿದೆ.

ದಕ್ಷಿಣ ಆಫ್ರಿಕೆಯಲ್ಲಿ ಸಾಲೊಮನ್ ಲಿಂಡಾ ಎಂಬ ಝುಲು ಹಾಡುಗಾರನಿದ್ದ. ಜೋಹಾನ್ಸ್‌ಬರ್ಗಿನ ಒಂದು ಗ್ರಾಮೊಫೋನ್ ಕಂಪನಿಯಲ್ಲಿ ಸಾಮಾನು ಕಟ್ಟುವುದು ಅವನ ಕೆಲಸ. 1939ರಲ್ಲಿ ಅವನೂ ಅವನ ಗೆಳೆಯರೂ "ಂಬೂಬೆ" ಎಂಬ ಹಾಡನ್ನು ಹಾಡಿ ಮುದ್ರಿಸಿದರು. ಸಿಂಹವೆಂದು ಆ ಮಾತಿನ ಅರ್ಥ. ಹಾಡಿನ ಹಕ್ಕಿಗೆ ಅವನಿಗೆ ದೊರೆತದ್ದು ಹತ್ತು ಶಿಲಿಂಗು ಎಂದು ಹೇಳುತ್ತಾರೆ. ಆ ಹಾಡು ಕಡಲು ದಾಟಿತು. 1961ರಲ್ಲಿ ಇಂಗ್ಲಿಷ್ ಮಾತುಗಳನ್ನು ತೊಟ್ಟು ಅಮೆರಿಕೆಯಲ್ಲಿ ಎಲ್ಲರ ಬಾಯಲ್ಲಿ ಕುಣಿಯಿತು. ಮರುವರ್ಷವೇ, 1962ರಲ್ಲಿ, ಲಿಂಡಾ ಬಡತನದಲ್ಲಿ ತೀರಿಕೊಂಡ. ಮುಂದೆ 1994ರ "ಲಯನ್ ಕಿಂಗ್" ಚಿತ್ರದಲ್ಲಿಯೂ ಅದು ಮೊಳಗಿತು. ಸಿಂಹದ ಹಾಡಿನಿಂದ ಯಾರು ಯಾರೋ ಸಿರಿವಂತರಾದರು. ಹಾಡು ಕಟ್ಟಿದವನ ಹೆಣ್ಣುಮಕ್ಕಳು ಮಾತ್ರ ಬಡವರಾಗಿಯೇ ಉಳಿದರು. 2004ರಲ್ಲಿ ಆ ಕುಟುಂಬದ ಪರವಾಗಿ ದಾವೆ ಹೂಡಲಾಯಿತು, 2006ರಲ್ಲಿ ರಾಜಿಯಾಯಿತು. ಹಾಡು ಹುಟ್ಟಿ ಅಷ್ಟೊತ್ತಿಗೆ 67 ವರ್ಷಗಳು ಕಳೆದಿದ್ದವು!

ಇದಕ್ಕೆ ಎದುರಾಗಿ ಇನ್ನೊಂದು ನಿದರ್ಶನ. ಪಾಲ್ ಸೈಮನ್ ಎಂಬ ಅಮೆರಿಕದ ಹಾಡುಗಾರ 1985ರಲ್ಲಿ ಜೋಹಾನ್ಸ್‌ಬರ್ಗಿಗೆ ಹೋಗಿ ಅಲ್ಲಿಯ ಕರಿಯ ವಾದ್ಯಗಾರರೊಡನೆ ಕುಳಿತು ನುಡಿಸಿದರು. 1986ರಲ್ಲಿ "ಗ್ರೇಸ್‌ಲ್ಯಾಂಡ್" ಸಂಪುಟ ಬಂದಿತು. ಆಗ ಆ ದೇಶದಲ್ಲಿ ವರ್ಣಭೇದದ ಸರಕಾರವಿತ್ತು, ಕಲಾವಿದರು ಅಲ್ಲಿಗೆ ಹೋಗಬಾರದೆಂದು ವಿಶ್ವಸಂಸ್ಥೆ ಕರೆ ಕೊಟ್ಟಿತ್ತು. ಆ ಕರೆಯನ್ನು ಮೀರಿದರೆಂದು ಸೈಮನ್ನರ ಮೇಲೆ ಟೀಕೆ ಬಂದಿತು. ಆ ಟೀಕೆಯಲ್ಲಿ ಹುರುಳಿತ್ತು. ಆದರೆ ಅವರು ವಾದ್ಯಗಾರರಿಗೆ ನ್ಯೂಯಾರ್ಕಿನ ದರಕ್ಕಿಂತ ಹೆಚ್ಚಿನ ಸಂಬಳ ಕೊಟ್ಟರು, ಜೊತೆಗೆ ಕಟ್ಟಿದ ಹಾಡುಗಳಲ್ಲಿ ಅವರ ಹೆಸರು ಹಾಕಿದರು, ಅವರನ್ನು ದೇಶದೇಶಗಳ ರಂಗಕ್ಕೆ ಕರೆದೊಯ್ದರು. ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ಎಂಬ ಝುಲು ಗಾಯಕರ ತಂಡ ಜಗತ್ತಿಗೆ ಪರಿಚಿತವಾದದ್ದು ಹೀಗೆ. ವ್ಯಾಂಪೈರ್ ವೀಕೆಂಡ್ ತಂಡವನ್ನು ಕೇಳಿದವರು ಮೊದಲು ನೆನೆದದ್ದೂ ಈ ಸಂಪುಟವನ್ನೇ.

ಎರಡು ಪ್ರಸಂಗಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಬೆರಕೆಯೇ ಪಾಪವಲ್ಲ ಎಂಬುದು ಸ್ಪಷ್ಟವಾಗುತ್ತದೆ. ಋಣವನ್ನು ಮರೆಯುವುದು ಪಾಪ. ನನ್ನ ಮಟ್ಟಿಗೆ ಹಾಡಿನ ಸಾಲಕ್ಕೆ ಮೂರು ಕರಾರುಗಳಿವೆ. ಮೊದಲನೆಯದು ಹೆಸರು: ಯಾರಿಂದ ಕಲಿತೆವೆಂದು ಬಾಯಿಬಿಟ್ಟು ಹೇಳಬೇಕು. ಎರಡನೆಯದು ಪಾಲು: ಹಾಡಿನಿಂದ ಹಣ ಬಂದರೆ ಹಾಡು ಕೊಟ್ಟವರಿಗೂ ಅದು ಮುಟ್ಟಬೇಕು. ಮೂರನೆಯದು ಪಂಕ್ತಿ: ಹಾಡನ್ನು ಒಳಗೆ ಕರೆದು ಹಾಡುಗಾರನನ್ನು ಹೊರಗೆ ನಿಲ್ಲಿಸಬಾರದು.

ಶರೀಫರ ಪದಕ್ಕೆ ಕಾಯ್ದೆಯ ಪ್ರಕಾರ ಯಾರಿಗೂ ಹಣ ಕೊಡಬೇಕಾಗಿಲ್ಲ. ನಮ್ಮ ದೇಶದಲ್ಲಿ ಕವಿ ತೀರಿದ ಅರವತ್ತು ವರ್ಷಗಳ ತರುವಾಯ ಆತನ ಕೃತಿ ಎಲ್ಲರದೂ ಆಗುತ್ತದೆ. ಅಲ್ಲದೆ ಶರೀಫರೇನು ಹಣಕ್ಕೆ ಹಾಡಿದವರಲ್ಲ. ಆದರೆ ಅವರ ಪದವನ್ನು ನೂರು ವರ್ಷ ಬಾಯಿಂದ ಬಾಯಿಗೆ ಉಳಿಸಿ ತಂದ ಭಜನೆಯವರು ಯಾರು? ಅವರ ಹೆಸರು ಯಾವ ಸಂಪುಟದಲ್ಲಿಯೂ ಇಲ್ಲ. ಕಾಯ್ದೆಯ ಋಣ ತೀರಿದರೂ ಕೃತಜ್ಞತೆಯ ಋಣ ತೀರುವುದಿಲ್ಲ.

ಮೂರನೆಯ ಕರಾರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ನಮ್ಮ ಅಂಗಳದ ಮಾತು. ಆಫ್ರಿಕೆಯನ್ನು ದೂರದ ದೇಶವೆಂದು ನಾವು ತಿಳಿಯುತ್ತೇವೆ. ಆದರೆ ಆಫ್ರಿಕೆ ನಮ್ಮ ಮನೆಯ ಬಾಗಿಲಿಗೆ ಎಂದೋ ಬಂದಿದೆ. ಅಹಮದನಗರದ ನಿಜಾಮಶಾಹಿಯನ್ನು ಎತ್ತಿ ನಿಲ್ಲಿಸಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ದಖ್ಖನಿಗೆ ಬಂದವನು; 1626ರಲ್ಲಿ ಇಲ್ಲಿಯ ಮಣ್ಣಿನಲ್ಲಿಯೇ ಮಣ್ಣಾದನು. ಬಿಜಾಪುರದ ದರ್ಬಾರಿನಲ್ಲಿ ಹಬ್ಶಿ ಸರದಾರರು ಮಂತ್ರಿಗಳಾಗಿದ್ದರು. ಈ ಎರಡು ರಾಜ್ಯಗಳು ಹೊಡೆದಾಡಿದ್ದು ನಮ್ಮ ಸೋಲಾಪುರದ ಕೋಟೆಗಾಗಿಯೇ ಅಲ್ಲವೇ! ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಿನಲ್ಲಿ ಸಿದ್ದಿ ಜನ ಇಂದಿಗೂ ಬಾಳುತ್ತಿದ್ದಾರೆ. ಅವರ ಪೂರ್ವಿಕರನ್ನು ಅರಬರೂ ಪೋರ್ಚುಗೀಜರೂ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ ಮಾತನಾಡುತ್ತಾರೆ. ಡಮಾಮ್ ಎಂಬ ಚರ್ಮವಾದ್ಯದ ಸುತ್ತ ಡಮಾಮಿ ಕುಣಿತ ಕುಣಿಯುತ್ತಾರೆ. ಕನ್ನಡದ ಮಾತೂ ಆಫ್ರಿಕೆಯ ತಾಳವೂ ಕೂಡಿದ ಸಂಗೀತ ಬೇಕೆಂದರೆ ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ, ಯಲ್ಲಾಪುರಕ್ಕೆ ಹೋದರೆ ಸಾಕು.

ಇಷ್ಟು ಶತಮಾನ ನಮ್ಮೊಡನೆ ಇದ್ದರೂ ಈ ಜನಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರ ಪೈಕಿ ಒಬ್ಬರು, ಶಾಂತಾರಾಮ ಸಿದ್ದಿಯವರು, ವಿಧಾನ ಪರಿಷತ್ತನ್ನು ಪ್ರವೇಶಿಸಿದ್ದು 2020ರಲ್ಲಿ. ಸಿದ್ದಿಗಳ ಕುಣಿತವನ್ನು ಉತ್ಸವದ ಮೆರವಣಿಗೆಗೆ ಕರೆಯಲು ನಾವು ಬಹಳ ಮುಂದು. ಕುಣಿತ ಮುಗಿದ ಮೇಲೆ ಅದೇ ಸಿದ್ದಿ ಹುಡುಗನನ್ನು ಬಸ್ಸಿನಲ್ಲಿ ಕಂಡರೆ "ನೀನು ಯಾವ ದೇಶದವನು?" ಎಂದು ಕೇಳುತ್ತೇವೆ. ಇದು ಯಾವ ನ್ಯಾಯ?

ಸಿದ್ದಿಗಳ ಮಾತು ಹಾಗಿರಲಿ. ನಮ್ಮ ಹಲಗಿಯ ಮಾತು ಏನು? ಜಾತ್ರೆಗೆ ಹಲಗಿ ಬೇಕು, ಮದುವೆಗೆ ಬೇಕು, ಸಾವಿಗೆ ಬೇಕು. ಹಲಗಿಯ ಸಪ್ಪಳ ಕೇಳಿದರೆ ಕಾಲು ತಾನಾಗಿಯೇ ಕುಣಿಯುತ್ತದೆ. ಆದರೆ ಹಲಗಿ ಬಾರಿಸುವವನು ಎಲ್ಲಿ ನಿಲ್ಲುತ್ತಿದ್ದ? ಗುಡಿಯ ಹೊರಗೆ. ಊಟ ಎಲ್ಲಿ? ಎಲ್ಲರ ಪಂಕ್ತಿ ಎದ್ದ ಮೇಲೆ. ಕಾಲ ಬದಲಾಗಿದೆ ಎನ್ನುತ್ತೇವೆ. ಎಷ್ಟು ಬದಲಾಗಿದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಜಾತ್ರೆಯ ದಿನ ಕಣ್ತೆರೆದು ನೋಡಬೇಕು. ಕರಿಯರ ಹಾಡಿಗೆ ಕುಣಿದು ಕರಿಯರನ್ನು ದೂರವಿಟ್ಟ ಬಿಳಿಯರನ್ನು ಬೈಯುವ ಮೊದಲು ನಾವು ನಮ್ಮ ಕೈ ನೋಡಿಕೊಳ್ಳುವುದು ಒಳ್ಳೆಯದು. ಸೋಲಾಪುರದ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಶಿವಯೋಗಿಗಳು. ಆ ನೆಲದ ಮಕ್ಕಳಾದ ನಮಗೆ ನೀರು ಹೇಗೋ ಹಾಗೆ ಹಾಡೂ ಎಲ್ಲರದು ಎಂಬ ಮಾತು ಹೊಸದಾಗಿ ಕಾಣಬಾರದು.

ಈಗ ಇನ್ನೊಂದು ಅಪಾಯ ಬಂದಿದೆ. ಮೆರವಣಿಗೆಗೆ ಡಾಲ್ಬಿ ಬಂದ ಮೇಲೆ ಹಲಗಿ, ಸಂಬಾಳ, ಲೇಜಿಮು ಹಿಂದೆ ಸರಿದಿವೆ. ಹಲಗಿ ಬಾರಿಸುವ ಕೈಗೆ ಕೆಲಸವಿಲ್ಲ. ಆದರೆ ಡಾಲ್ಬಿಯ ಪೆಟ್ಟಿಗೆಯಿಂದ ಬರುವ ಹಾಡಿನೊಳಗೆ ಅದೇ ಹಲಗಿಯ ತಾಳ ಯಂತ್ರದಿಂದ ಬಾರಿಸಿದ್ದು ಕೇಳುತ್ತದೆ. ಸಾಲೊಮನ್ ಲಿಂಡಾನ ಕಥೆ ಜೋಹಾನ್ಸ್‌ಬರ್ಗಿನಲ್ಲಿ ಮಾತ್ರ ನಡೆಯಿತೆಂದು ಯಾರೂ ತಿಳಿಯಬೇಡಿರಿ. ಅದರ ಸಣ್ಣ ಪ್ರತಿ ನಮ್ಮ ಓಣಿಯಲ್ಲಿಯೇ ನಡೆಯುತ್ತಿದೆ.

ವಿದ್ಯಾರ್ಥಿ ಮಿತ್ರರೇ, ಇಲ್ಲಿಯವರೆಗೆ ಹೇಳಿದ್ದು ಬರಿಯ ಉಪದೇಶವಾಗಬಾರದು. ನಮ್ಮ ಕೈಯಲ್ಲಿ ಆಗುವ ಕೆಲಸಗಳು ಕೆಲವು ಇವೆ. ಸ್ನೇಹಸಮ್ಮೇಳನದಲ್ಲಿ ಸಿನಿಮಾ ಹಾಡಿಗೆ ಕುಣಿಯಿರಿ, ಬೇಡವೆನ್ನುವುದಿಲ್ಲ. ಆದರೆ ಒಂದು ಹಾಡಿಗಾದರೂ ಊರಿನ ಹಲಗಿಯವರನ್ನು, ಭಜನೆಯವರನ್ನು, ಚೌಡಕಿಯವರನ್ನು ವೇದಿಕೆಗೆ ಕರೆಯಿರಿ. ನೆಲದ ಮೇಲಲ್ಲ, ಅತಿಥಿಗಳ ಸಾಲಿನಲ್ಲಿಯೇ ಕುಳ್ಳಿರಿಸಿರಿ. ಡಾಲ್ಬಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಗೌರವಧನವಾಗಿ ಅವರ ಕೈಗೆ ಕೊಡಿರಿ. ಹಾರ ಶಾಲುಗಳಿಂದ ಹೊಟ್ಟೆ ತುಂಬುವುದಿಲ್ಲ.

ಮನೆಯಲ್ಲಿ ಅಜ್ಜಿ ಇದ್ದರೆ ಅವಳ ಬೀಸುವ ಹಾಡನ್ನು ವಹಿಯಲ್ಲಿ ಬರೆದುಕೊಳ್ಳಿರಿ. ಮೊಬೈಲು ಇದ್ದರೆ, ಅವಳನ್ನು ಕೇಳಿ, ಅವಳು ಒಪ್ಪಿದರೆ, ಧ್ವನಿ ಹಿಡಿದಿಡಿರಿ. ಹಾಡಿನ ಕೆಳಗೆ ಹಾಡಿದವಳ ಹೆಸರು, ಊರು, ದಿನಾಂಕ ಬರೆಯಲು ಮರೆಯಬೇಡಿರಿ. ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮಗೆ ಇದು ಹೆಚ್ಚಿನ ಜವಾಬ್ದಾರಿ. ಪೇಟೆಯಲ್ಲಿ ಮರಾಠಿ ಬೇಕು, ನೌಕರಿಗೆ ಇಂಗ್ಲಿಷ್ ಬೇಕು, ಎರಡನ್ನೂ ಚೆನ್ನಾಗಿ ಕಲಿಯೋಣ. ಆದರೆ ಹತ್ತನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟ ಮೇಲೆ ನಮ್ಮ ಕನ್ನಡ ಉಳಿಯುವುದು ಪಠ್ಯಪುಸ್ತಕದಲ್ಲಿ ಅಲ್ಲ, ನಾಲಿಗೆಯ ಮೇಲಿನ ಹಾಡಿನಲ್ಲಿ.

ನಿಮ್ಮಲ್ಲಿ ಯಾರಾದರೂ ಗಿಟಾರು ಕಲಿತು, ನಾಳೆ ನಮ್ಮ ಸೀಮೆಯ ತತ್ವಪದಕ್ಕೆ ಹೊಸ ಧಾಟಿ ಕಟ್ಟಿದರೆ ಅದನ್ನು ಕೇಳಲು ಮೊದಲು ಬಂದು ಕೂಡುವವರಲ್ಲಿ ನಾನೂ ಒಬ್ಬ. ಕಾಂಗೋದ ತಾಳ ತನ್ನಿರಿ, ಕ್ಯೂಬಾದ ಲಯ ತನ್ನಿರಿ, ಸಿದ್ದಿಗಳ ಡಮಾಮ್ ತನ್ನಿರಿ. ಬೆರೆಸಲು ಹೆದರಬೇಡಿರಿ, ಹೆದರಿದ್ದರೆ ನಮಗೆ ಪೇಟಿಯೂ ಇರುತ್ತಿರಲಿಲ್ಲ, ಮರಾಠಿಗರಿಗೆ ನಾಟಕವೂ ಇರುತ್ತಿರಲಿಲ್ಲ. ಆದರೆ ಹಾಡುವ ಮೊದಲು ಯಾರಿಂದ ಕಲಿತಿರೆಂದು ಒಂದು ಮಾತು ಹೇಳಿರಿ. ಹಾಡಿ ಬಂದ ಗಳಿಕೆಯಲ್ಲಿ ಅವರಿಗೂ ಒಂದು ಪಾಲು ಎತ್ತಿಡಿರಿ. ಸಾಲವನ್ನು ಒಪ್ಪಿಕೊಂಡು ತೀರಿಸುವವನಿಗೆ ಮತ್ತೆ ಸಾಲ ಹುಟ್ಟುತ್ತದೆ ಎಂಬುದು ಬಜಾರದ ನಿಯಮ. ಹಾಡಿನ ಬಜಾರದಲ್ಲಿಯೂ ಅದೇ ನಿಯಮ.